ಆರನೇ ಸಾಲಿನ ಹನ್ನೊಂದನೇ ಕುರ್ಚಿ

ಬೆಳಿಗ್ಗೆ ಏಳೂವರೆಗೆ ಆಫೀಸಿನ ಬೀಗ ತೆಗೆದು, ಕಾಫಿಗೆ ನೀರು ಹಾಕಿ, ನಾನು ಮೊದಲು ಓದುವುದು ಸತ್ತವರ ಪುಟ. ಎಡಗೈಯಲ್ಲಿ ಸ್ಕೇಲು, ಬಲಗೈಯಲ್ಲಿ ಪೆನ್ಸಿಲು, ಪಕ್ಕದಲ್ಲಿ ಸೀಸನ್ ಟಿಕೆಟ್ ಇರುವವರ ಪಟ್ಟಿ. ಕಾಲೇಜಿನ ಹಾಕಿ ಟಿಕೆಟ್ ಆಫೀಸಿನಲ್ಲಿ ಇಪ್ಪತ್ತಾರು ವರ್ಷದಿಂದ ನನ್ನ ದಿನ ಹೀಗೇ ಶುರುವಾಗುತ್ತದೆ.

ಅಮೆರಿಕದ ಉತ್ತರದಂಚಿನಲ್ಲಿ, ಸುಪೀರಿಯರ್ ಸರೋವರದ ಈ ದಡದಲ್ಲಿ, ನವೆಂಬರಿನಿಂದ ಮಾರ್ಚಿನವರೆಗೆ ಮನುಷ್ಯರಿಗೆ ಇರುವುದು ಎರಡೇ ಕೆಲಸ, ಹಿಮ ಎತ್ತಿಹಾಕುವುದು ಮತ್ತು ಐಸ್ ಹಾಕಿ ನೋಡುವುದು. ಕಾಲೇಜಿನ ಐಸ್ ಅಂಗಳದ ಸುತ್ತ ಇರುವುದು ಮೂರು ಸಾವಿರ ಚಿಲ್ಲರೆ ಕುರ್ಚಿ. ಸೀಸನ್ ಟಿಕೆಟ್ ಇದ್ದರೆ ಪ್ರತಿ ವರ್ಷವೂ ಅದೇ ಕುರ್ಚಿ. ಒಮ್ಮೆ ಸಿಕ್ಕವರು ಪ್ರಾಣ ಬಿಟ್ಟಾರು, ಕುರ್ಚಿ ಬಿಡುವುದಿಲ್ಲ. ಹಾಗಾಗಿ ಪ್ರಾಣ ಬಿಟ್ಟ ಮೇಲೆಯೇ ನಾವು ಅದನ್ನು ತೆಗೆದುಕೊಳ್ಳುವುದು. ಟಿಕೆಟಿನವರು ತೀರಿಕೊಂಡರೆ ಕುರ್ಚಿ ಗಂಡನಿಗೋ ಹೆಂಡತಿಗೋ ಹೋಗುತ್ತದೆ. ಅವರಿಲ್ಲದಿದ್ದರೆ ಕಾಯುವವರ ಪಟ್ಟಿಯಲ್ಲಿ ಮೊದಲಿರುವವರಿಗೆ. ಮಕ್ಕಳಿಗಿಲ್ಲ. ಆ ಪಟ್ಟಿಯಲ್ಲಿ ಈಗ ಎಂಟುನೂರ ನಲವತ್ತು ಹೆಸರುಗಳಿವೆ. ಮೊದಲಿರುವವರು ಹೆಸರು ಬರೆಸಿ ಹತ್ತೊಂಬತ್ತು ವರ್ಷವಾಯಿತು.

ಸಾವನ್ನು ಮುಚ್ಚಿಡಲು ನೋಡಿದ ಮನೆಗಳೂ ಇವೆ. ಆದರೆ ನಮ್ಮೂರಿನವರಿಗೆ ಅವರ ಹೆಮ್ಮೆಯೇ ಶತ್ರು. ಅಪ್ಪನ ನಿಧನ ವಾರ್ತೆ ಬರೆಯುವಾಗ ಕೈ ತಡೆಯುವುದಿಲ್ಲ. 'ಮೂವತ್ತೊಂಬತ್ತು ವರ್ಷ ಸೀಸನ್ ಟಿಕೆಟ್ ಹೊಂದಿದ್ದರು, ಬಿ ವಿಭಾಗ, ಎರಡನೇ ಸಾಲು' ಎಂದು ಬರೆದೇ ಬಿಡುತ್ತಾರೆ. ಹುಟ್ಟಿದ ಊರು ಮರೆತಾರು, ಕುರ್ಚಿಯ ಸಂಖ್ಯೆ ಮರೆಯುವುದಿಲ್ಲ. ನಾನು ಪಟ್ಟಿಯಲ್ಲಿ ಆ ಹೆಸರಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆಯುತ್ತೇನೆ. ಪತ್ರಿಕೆ ನೋಡುವ ಉಪಾಯ ನನ್ನದೇ, ಯಾರೂ ಹೇಳಿಕೊಟ್ಟದ್ದಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಈ ಊರಿನಲ್ಲಿ ಆ ಪೂಜಾರಿ ನಾನು. ಒಂದು ಕಾಲಕ್ಕೆ ಅದರ ಬಗ್ಗೆ ನನಗೆ ಜಂಬವೂ ಇತ್ತು.

ವಿಲ್ಹೋ ಸಾರೆಲಾ ಎಂಬ ಮುದುಕ ಪ್ರತಿ ಆಗಸ್ಟಿನಲ್ಲಿ ಟಿಕೆಟ್ ಮುಂದುವರಿಸಲು ತಾನೇ ಬರುತ್ತಿದ್ದ. ಕಬ್ಬಿಣದ ಗಣಿಯಲ್ಲಿ ದುಡಿದು ಎರಡೂ ಕಿವಿ ಕಳೆದುಕೊಂಡವನು, ಹೆಂಡತಿ ಸತ್ತು ನಲವತ್ತು ವರ್ಷ. ಕೈಯಲ್ಲಿ ತಗಡಿನ ಡಬ್ಬಿ, ಅದರ ತುಂಬ ಕಾಡಿನ ಬ್ಲೂಬೆರಿ. ಕೌಂಟರಿನ ಮೇಲೆ ಅದನ್ನು ಕುಕ್ಕಿ, ಊರಿಗೇ ಕೇಳುವಂತೆ ಕೂಗುತ್ತಿದ್ದ.

"ನೋಡಮ್ಮ ಮಾರ್ಲೀನ್, ಇನ್ನೂ ಉಸಿರಾಡ್ತಾ ಇದ್ದೀನಿ. ನಿನ್ನ ಸ್ಕೇಲು ಒಳಗಿಡು!"

ಎಫ್ ವಿಭಾಗ, ಆರನೇ ಸಾಲು, ಹನ್ನೊಂದು ಮತ್ತು ಹನ್ನೆರಡು, ಎರಡೂ ಅವನ ಹೆಸರಿನಲ್ಲೇ. ಹನ್ನೆರಡರಲ್ಲಿ ಅವನ ಮಗಳು ಡೆನೀಸ್. ತಾಯಿ ಹೋದಾಗ ಅವಳಿಗೆ ಆರು ವರ್ಷ. ಅಂದಿನಿಂದ ಪ್ರತಿ ಶುಕ್ರವಾರ, ಶನಿವಾರ ಅಪ್ಪನ ಬಲಗಡೆ ಕೂತು ಬೆಳೆದವಳು. ಈಗ ನಲವತ್ತಾರು, ಶಾಲೆಯ ಬಸ್ ಓಡಿಸುತ್ತಾಳೆ, ಮದುವೆಯಾಗಲಿಲ್ಲ. ಹತ್ತರಲ್ಲಿ, ಅಂದರೆ ವಿಲ್ಹೋನ ಎಡಕ್ಕೆ, ಕ್ಲೈಡ್ ಟ್ರೆಸಿಡರ್. ಅವನೂ ಗಣಿಯವನೇ, ಅವನೂ ಒಂಟಿ, ಈಚೆಗೆ ಕಣ್ಣು ಮಂಜು. ಒಬ್ಬನಿಗೆ ಕೇಳದು, ಇನ್ನೊಬ್ಬನಿಗೆ ಕಾಣದು. ಇಬ್ಬರೂ ಸೇರಿ ಒಂದು ಆಟ ನೋಡುತ್ತಿದ್ದರು.

ಮಗಳ ಹೆಸರನ್ನು ಕಾಯುವವರ ಪಟ್ಟಿಗೆ ಹಾಕಿಸು ಎಂದು ಇಪ್ಪತ್ತು ವರ್ಷದ ಹಿಂದೆಯೇ ನಾನು ವಿಲ್ಹೋಗೆ ಹೇಳಿದ್ದೆ. ಕಿವಿಯ ಹತ್ತಿರ ಬಾಯಿಟ್ಟು ಹೇಳಿದ್ದೆ.

"ಅದು ಯಾರ್ ಸಾಯ್ತಾರೆ ಅಂತ ಕಾಯೋರ ಪಟ್ಟಿ ಕಣಮ್ಮ," ಎಂದ. "ರಣಹದ್ದು ಕೂತ ಹಾಗೆ. ನನ್ನ ಮಗಳನ್ನ ಅಲ್ಲಿ ಕೂರಿಸಲ್ಲ."

ಹಾಕಿಸಿದ್ದರೆ ಇವತ್ತು ಅವಳೇ ಪಟ್ಟಿಯಲ್ಲಿ ಮೊದಲಿರುತ್ತಿದ್ದಳು. ಮುದುಕನ ಸ್ವಾಭಿಮಾನ ಮಗಳ ಕುತ್ತಿಗೆಗೆ ಬಂತು.

ಕಳೆದ ಆಗಸ್ಟಿನಲ್ಲಿ ಡಬ್ಬಿ ಹಿಡಿದು ಬಂದವಳು ಡೆನೀಸ್. ಒಬ್ಬಳೇ.

"ಅಪ್ಪನಿಗೆ ಮೊಣಕಾಲು," ಎಂದಳು. ಅರ್ಜಿಯನ್ನು ಮುಂದಕ್ಕೆ ತಳ್ಳಿದಳು. ಕೆಳಗೆ 'ವಿಲ್ಹೋ ಸಾರೆಲಾ' ಎಂಬ ಸಹಿ, ಶಾಲೆಯ ಮಕ್ಕಳು ತಿದ್ದಿದ ಹಾಗೆ ದುಂಡಗೆ. ವಿಲ್ಹೋನ ಸಹಿ ಯಾವತ್ತೂ ಕೋಳಿ ಕೆದಕಿದ ಹಾಗಿರುತ್ತಿತ್ತು.

ನಾನು ಸಹಿ ನೋಡಿದೆ. ಅವಳು ನಾನು ನೋಡುವುದನ್ನು ನೋಡಿದಳು. ಬೇರೆಯವರಾಗಿದ್ದರೆ ಫೋನ್ ಎತ್ತುತ್ತಿದ್ದೆ, ಹಿಂದೆ ಎಷ್ಟೋ ಸಲ ಎತ್ತಿದ್ದೇನೆ. ಅವತ್ತು ಡಬ್ಬಿಯ ಮುಚ್ಚಳ ತೆಗೆದು ಒಂದು ಹಿಡಿ ಹಣ್ಣು ಬಾಯಿಗೆ ಹಾಕಿಕೊಂಡೆ. "ಈ ಸಲ ಸಿಹಿ ಇದೆ," ಎಂದು ಮುದ್ರೆ ಒತ್ತಿದೆ. ಯಾಕೆ ಹಾಗೆ ಮಾಡಿದೆನೋ ಈಗಲೂ ಸರಿಯಾಗಿ ಹೇಳಲಾರೆ. ಅವಳು ಆ ಹಣ್ಣನ್ನು ಒಬ್ಬಳೇ ಕಾಡಿಗೆ ಹೋಗಿ ಕಿತ್ತಿದ್ದಾಳೆ ಎಂದು ಹೊಳೆದದ್ದಷ್ಟೇ ನೆನಪು. ಉಪ್ಪು ತಿಂದವರು ನೀರು ಕುಡಿಯಲೇಬೇಕು. ಅಂದಿನಿಂದ ನಾನೂ ಅವಳ ಜೊತೆಗಾತಿ.

ಅಕ್ಟೋಬರಿನಲ್ಲಿ ಆಟ ಶುರುವಾಯಿತು. ಹನ್ನೊಂದು ಖಾಲಿ. ಡೆನೀಸ್ ಅದರ ಮೇಲೆ ಅಪ್ಪನ ಕೆಂಪು ಚೌಕಳಿ ಕೋಟು ಹಾಕಿಟ್ಟು ಹನ್ನೆರಡರಲ್ಲಿ ಕೂರುತ್ತಿದ್ದಳು. ಕೇಳಿದವರಿಗೆ ಮೊದಲು ಮೊಣಕಾಲು, ಆಮೇಲೆ ಕೆಮ್ಮು, ಆಮೇಲೆ ರಸ್ತೆ ಜಾರುತ್ತದೆ. ಅವರ ಮನೆ ಊರಿನಿಂದ ಇಪ್ಪತ್ತು ಮೈಲಿ, ವಿಲ್ಹೋ ಚರ್ಚು ಬಿಟ್ಟು ಎಷ್ಟೋ ಕಾಲವಾಗಿತ್ತು, ಕಿವುಡನಿಗೆ ಫೋನ್ ಮಾಡುವವರು ಯಾರು? ನಂಬಿದರು.

ಕ್ಲೈಡ್ ಮಾತ್ರ ಬೇರೆಯೇ ಅರ್ಥ ಮಾಡಿಕೊಂಡ. ಹಿಂದಿನ ಮಾರ್ಚಿನ ಕೊನೆಯ ಆಟದಲ್ಲಿ ಇಬ್ಬರಿಗೂ ಜಗಳವಾಗಿತ್ತು. ನಾವು ಒಂದು ಗೋಲು ಹಿಂದೆ, ಎರಡು ನಿಮಿಷ ಬಾಕಿ. ನಮ್ಮ ಕೋಚ್ ಗೋಲ್‌ಕೀಪರನನ್ನು ಹೊರಗೆ ಕರೆದು ಅವನ ಬದಲು ಇನ್ನೊಬ್ಬ ಆಟಗಾರನನ್ನು ಇಳಿಸಿದ. ಎದುರಿನವರು ಖಾಲಿ ಗೋಲಿಗೆ ಹೊಡೆದು ಗೆದ್ದರು. ಕರೆದದ್ದೇ ತಪ್ಪು ಎಂದು ವಿಲ್ಹೋ, ಸರಿ ಎಂದು ಕ್ಲೈಡ್. ಮಾತಿಗೆ ಮಾತು ಬೆಳೆದು ವಿಲ್ಹೋ ಹೇಳದೆ ಕೇಳದೆ ಎದ್ದು ಹೋಗಿದ್ದ. ಇಬ್ಬರೂ ಮತ್ತೆ ಭೇಟಿಯಾಗಲಿಲ್ಲ.

"ಸಿಟ್ಟು ಇಳಿದಿಲ್ವೇನಮ್ಮ ಆ ಮುದಿ ಗೂಬೆಗೆ?" ಎಂದು ಕ್ಲೈಡ್ ಡೆನೀಸಳನ್ನು ಕೇಳುತ್ತಿದ್ದ. "ಮೊಣಕಾಲಂತೆ ಮೊಣಕಾಲು! ನನ್ನ ಪಕ್ಕ ಕೂರಕ್ಕೆ ಇಷ್ಟ ಇಲ್ಲ ಅಂತ ಹೇಳು. ತಗೋ, ಇದನ್ನ ಕೊಡು ಅವನಿಗೆ."

ಕೊಡುತ್ತಿದ್ದದ್ದು ಪ್ಯಾಸ್ಟಿ. ಹಿಟ್ಟಿನ ಮಡಿಕೆಯೊಳಗೆ ಮಾಂಸ, ಆಲೂಗೆಡ್ಡೆ, ಈರುಳ್ಳಿ ತುಂಬಿ ಬೇಯಿಸಿದ್ದು, ಕಣ್ಣು ಕಾಣದಿದ್ದರೂ ತಾನೇ ಮಡಿಸಿದ್ದು. ನಮ್ಮೂರಿನಲ್ಲಿ ಆಟವಿದ್ದ ಪ್ರತಿ ಶುಕ್ರವಾರ ಒಂದು, ಕಾಗದದ ಚೀಲದಲ್ಲಿ ಬಿಸಿಬಿಸಿಯಾಗಿ. ಡೆನೀಸ್ ತೆಗೆದುಕೊಂಡು ಕೋಟಿನ ಪಕ್ಕ ಇಡುತ್ತಿದ್ದಳು.

ಫೆಬ್ರವರಿಯ ಕೊನೆಯ ವಾರ, ಬೆಳಗಿನ ಮಕ್ಕಳನ್ನು ಶಾಲೆಗೆ ಇಳಿಸಿ, ಹಳದಿ ಬಸ್ಸನ್ನು ನಮ್ಮ ಬಾಗಿಲಲ್ಲೇ ನಿಲ್ಲಿಸಿ ಅವಳು ಒಳಗೆ ಬಂದಳು. ಟೋಪಿ ತೆಗೆಯಲಿಲ್ಲ. ಕೌಂಟರಿನ ಮೇಲೆ ಒಂದು ಚೀಟಿ ಇಟ್ಟಳು.

"ಶುಕ್ರವಾರದ ಚೀಲದಲ್ಲಿ ಇತ್ತು," ಎಂದಳು.

ಕಣ್ಣು ಮಂಜಾದವರು ಬರೆಯುವಂಥ ದೊಡ್ಡ ದೊಡ್ಡ ಅಕ್ಷರ, ಸಾಲು ಕೆಳಕ್ಕೆ ಜಾರಿತ್ತು. 'ವಿಲ್ಹೋ, ನೀನು ಹೇಳಿದ್ದೇ ಸರಿ. ಗೋಲ್‌ಕೀಪರನನ್ನು ಕರೆಯಬಾರದಿತ್ತು. ತಪ್ಪಾಯಿತು. ಈಗಲಾದರೂ ಬಾರಯ್ಯ. ಕ್ಲೈಡ್.'

ನಾನು ಎರಡು ಸಲ ಓದಿದೆ.

"ಜುಲೈ ಹನ್ನೊಂದು," ಎಂದಳು ಡೆನೀಸ್. "ದೂರದ ದೊಡ್ಡ ಊರಿನ ಆಸ್ಪತ್ರೇಲಿ. ಅಲ್ಲೇ ಸುಟ್ರು. ಬೂದಿ ಬಟ್ಟೆ ಬೀರೂಲಿ ಇದೆ. ಪೇಪರಿಗೆ ಹಾಕಿಸ್ಲಿಲ್ಲ, ಪಾದ್ರಿನ ಕರೀಲಿಲ್ಲ, ಒಂದು ಕಪ್ ಕಾಫಿ ಯಾರಿಗೂ ಕೊಡ್ಲಿಲ್ಲ. ನಾಯಿ ಸತ್ರೂ ಅಕ್ಕಪಕ್ಕದೋರಿಗೆ ಹೇಳ್ತೀವಿ, ಅಲ್ವಾ?"

"ಡೆನೀಸ್, ಕೂತ್ಕೋ."

"ನಿಮಗೆ ಆಗಸ್ಟಲ್ಲೇ ಗೊತ್ತಿತ್ತು."

"ಗೊತ್ತಿತ್ತು."

"ಆ ಎರಡು ಕುರ್ಚಿ ಬಿಟ್ರೆ ಅಪ್ಪ ಎಲ್ಲೂ ಇಲ್ಲ ಮಾರ್ಲೀನ್. ಮನೇಲಿ ನಾವಿಬ್ರೂ ಮಾತಾಡಿದ್ದೇ ಕಮ್ಮಿ. ಅಲ್ಲಿ ಕೂತಾಗ ಮಾತ್ರ ನನ್ನ ತೊಡೆ ತಟ್ಟಿ ಏನಾದ್ರೂ ಹೇಳ್ತಿದ್ರು. ಅದನ್ನ ಯಾರೋ ಗೊತ್ತಿಲ್ದೋರಿಗೆ ಹೇಗೆ ಬಿಡ್ಲಿ ಅಂತ..." ಮಾತು ನಿಲ್ಲಿಸಿ ಮೂಗು ಒರೆಸಿಕೊಂಡಳು. "ಪ್ಯಾಸ್ಟಿ ಎಲ್ಲಾ ನಾನೇ ತಿಂದೆ. ಬಿಸಾಕಕ್ಕೆ ಮನಸ್ಸು ಬರ್ಲಿಲ್ಲ. ಬಸ್ಸಲ್ಲಿ ಕೂತು ತಿಂತಿದ್ದೆ."

ಆಮೇಲೆ ಅವಳು ಮಡಿಸಿದ ಮರಣ ಪತ್ರ ತೆಗೆದು ಚೀಟಿಯ ಪಕ್ಕ ಇಟ್ಟಳು. "ಶನಿವಾರದ ಪಟ್ಟೀಲಿ ಅಪ್ಪನ ಹೆಸರು ಬರೀರಿ."

ಪ್ರತಿ ವರ್ಷದ ಕೊನೆಯ ಆಟದಲ್ಲಿ, ಎರಡನೇ ವಿರಾಮದ ಹೊತ್ತಿಗೆ, ಆ ವರ್ಷ ತೀರಿಕೊಂಡ ಟಿಕೆಟಿನವರ ಹೆಸರು ಓದುತ್ತಾರೆ. ಒಂದೊಂದು ಹೆಸರಿಗೂ ಇಡೀ ಜನ ಕಾಲಡಿಯ ಮರದ ಹಲಗೆಗೆ ಬೂಟಿನಿಂದ ಮೂರು ಸಲ ಗುದ್ದುತ್ತಾರೆ. ಕಿವುಡನಾದ ವಿಲ್ಹೋಗೆ ಅಂಗಳದಲ್ಲಿ ತಾಕುತ್ತಿದ್ದ ಸದ್ದು ಅದೊಂದೇ, ಪಾದದಿಂದ ಮೇಲಕ್ಕೆ. ಓದುವ ಪಟ್ಟಿ ನನ್ನದೇ. ನಾನು ಗೆರೆ ಎಳೆದವರ ಹೆಸರುಗಳು.

"ಬರೆದ್ರೆ ಸೋಮವಾರಕ್ಕೆ ಎರಡೂ ಕುರ್ಚಿ ಹೋಯ್ತು," ಎಂದೆ. "ನಿನ್ನ ಹೆಸರು ಇವತ್ತು ಹಾಕಿದ್ರೂ ಎಂಟುನೂರ ನಲವತ್ತೊಂದು. ಬರೀದಿದ್ರೆ ನಾನಂತೂ ಬಾಯಿ ಬಿಡಲ್ಲ. ಸತ್ಯವಾಗ್ಲೂ."

"ನೀವು ಬಿಡಲ್ಲ. ಆ ಮುದುಕ ಪ್ರತಿ ಶುಕ್ರವಾರ ತಪ್ಪಾಯ್ತು ಅಂತ ಬರೀತಾ ಇರ್ತಾನೆ." ಪೆನ್ಸಿಲನ್ನು ನನ್ನ ಕಡೆ ಉರುಳಿಸಿದಳು. "ಬರೀರಿ."

ಬರೆದೆ.

ಶನಿವಾರ ನಾನು ಆರನೇ ಸಾಲಿನ ಹಿಂದಿನ ಮೆಟ್ಟಿಲಲ್ಲಿ ನಿಂತಿದ್ದೆ. ಆಟ ಶುರುವಾಗುವ ಮೊದಲೇ ಡೆನೀಸ್ ಹನ್ನೊಂದರ ಮೇಲಿದ್ದ ಕೋಟು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಮೊದಲ ಬಾರಿಗೆ ಅಪ್ಪನ ಕುರ್ಚಿಯಲ್ಲಿ ಕೂತು, ಕ್ಲೈಡನ ಕಡೆ ಬಾಗಿದಳು.

"ಅಂಕಲ್, ಅಪ್ಪ ಇಲ್ಲ."

"ಇಲ್ಲ ಅಂತ ಕಾಣ್ತಾ ಇದೆ. ಅಷ್ಟು ಕುರುಡ ಅಲ್ಲ ನಾನು."

"ತೀರ್ಕೊಂಡ್ರು. ಜುಲೈಲಿ."

ಕ್ಲೈಡ್ ಐಸ್ ಕಡೆಯಿಂದ ಮುಖ ತಿರುಗಿಸಲಿಲ್ಲ. ಕೈಯಲ್ಲಿ ಕಾಗದದ ಚೀಲವಿತ್ತು. ಕೊನೆಯ ಆಟವೆಂದು ಶನಿವಾರಕ್ಕೂ ಒಂದು ತಂದಿದ್ದ.

"ಯಾವ ಜುಲೈ?" ಎಂದ.

"ಹೋದ ಜುಲೈ."

"ನನ್ನ ಚೀಟಿ?"

"ನಾನು ಓದ್ದೆ."

"ನಾನು ಬರೆದಿದ್ದು ಅವನಿಗೆ." ಅವನ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು. "ಎಂಟು ತಿಂಗಳು, ಹುಡುಗಿ. ಸತ್ತವನ ಮೇಲೆ ಸಿಟ್ಟು ಮಾಡ್ಕೊಂಡು ಕೂತಿದ್ದೆ ನಾನು. ದಿನಾ ಬೈತಿದ್ದೆ ಅವನನ್ನ, ಗೊತ್ತಾ? ಅಡುಗೆಮನೇಲಿ ನಿಂತು ಗಟ್ಟಿಯಾಗಿ ಬೈತಿದ್ದೆ. ಒಂದು ಕುರ್ಚಿಗೋಸ್ಕರನಾ?"

ಅವನು ಚೀಲವನ್ನು ತನ್ನ ಕೋಟಿನೊಳಗೆ ಇಟ್ಟು ಗುಂಡಿ ಹಾಕಿಕೊಂಡ.

ಎರಡನೇ ವಿರಾಮದಲ್ಲಿ ಹೆಸರು ಓದಿದರು. ಹದಿನಾಲ್ಕು ಹೆಸರು, ಕೊನೆಯದು ವಿಲ್ಹೋನದು. ಒಂದು ಕ್ಷಣ ಇಡೀ ಎಫ್ ವಿಭಾಗ ತಿರುಗಿ ಡೆನೀಸಳನ್ನು ನೋಡಿತು. ಆಮೇಲೆ ಬೂಟುಗಳು ಎದ್ದವು. ಮೂರು ಸಲ. ಹಲಗೆಯ ನಡುಕ ನನ್ನ ಹಲ್ಲಿನವರೆಗೆ ಬಂತು. ಡೆನೀಸ್ ಎರಡೂ ಅಂಗೈಯನ್ನು ಅಪ್ಪನ ಕುರ್ಚಿಯ ಅಂಚಿಗೆ ಒತ್ತಿ ಕೂತಿದ್ದಳು. ಕ್ಲೈಡ್ ಕಾಲು ಎತ್ತಲಿಲ್ಲ. ಇಡೀ ಅಂಗಳದಲ್ಲಿ ಗುದ್ದದೆ ಕೂತವನು ಅವನೊಬ್ಬನೇ. ಮೂರನೇ ಅವಧಿ ಶುರುವಾಗುವ ಮೊದಲು ಎದ್ದು, ಕಂಬಿ ಹಿಡಿದುಕೊಂಡು, ಒಬ್ಬನೇ ಮೆಟ್ಟಿಲೇರಿ ಹೋದ. ನನ್ನ ಪಕ್ಕದಲ್ಲೇ ಹಾದ. ನಾನು ಕೈ ಚಾಚಿದ್ದು ಅವನಿಗೆ ಕಾಣಲಿಲ್ಲ, ಅಥವಾ ಕಂಡಿತು.

ಸೋಮವಾರ ಬೆಳಿಗ್ಗೆ ಏಳೂವರೆಗೆ ಬೀಗ ತೆಗೆದೆ. ಕಾಫಿ, ಸ್ಕೇಲು, ಪೆನ್ಸಿಲು. ಸತ್ತವರ ಪುಟದ ಬಲಮೂಲೆಯಲ್ಲಿ ವಿಲ್ಹೋ ಇದ್ದ. ಎಂಟು ತಿಂಗಳು ತಡವಾಗಿ, ಕ್ಲೈಡ್ ಹಾಕಿಸಿದ್ದು.

'ವಿಲ್ಹೋ ಸಾರೆಲಾ, ಎಂಬತ್ತೊಂದು. ಗಣಿಯಲ್ಲಿ ಮೂವತ್ತಾರು ವರ್ಷ. ಎಫ್ ವಿಭಾಗ, ಆರನೇ ಸಾಲು, ಹನ್ನೊಂದನೇ ಕುರ್ಚಿಯಲ್ಲಿ ನಲವತ್ಮೂರು ವರ್ಷ. ಗೋಲ್‌ಕೀಪರನ ವಿಷಯದಲ್ಲಿ ಅವನು ಹೇಳಿದ್ದೇ ಸರಿ. ಹೆಂಡತಿ ಮೊದಲೇ ತೀರಿಕೊಂಡಿದ್ದಾಳೆ. ಅಗಲಿಕೆಯ ದುಃಖದಲ್ಲಿರುವವರು: ಪಕ್ಕದ ಕುರ್ಚಿಯ ಗೆಳೆಯ ಕ್ಲೈಡ್ ಟ್ರೆಸಿಡರ್.'

ಅಷ್ಟೇ. ಪುಟ ತಿರುಗಿಸಿ ನೋಡಿದೆ, ಮುಂದಿನ ಅಂಕಣದಲ್ಲಿ ಮಗಳ ಹೆಸರೇನಾದರೂ ಇದೆಯೇ ಎಂದು. ಇರಲಿಲ್ಲ.

ಎಂಟು ಗಂಟೆಗೆ ಡೆನೀಸ್ ಫೋನ್ ಮಾಡಿದಳು. ಹಿಂದೆ ಬಸ್ಸಿನ ಎಂಜಿನ್ ಕೇಳುತ್ತಿತ್ತು.

"ಓದಿದ್ರಾ?"

"ಓದ್ದೆ."

"ಚೆನ್ನಾಗಿ ಬರೆದಿದ್ದಾರೆ," ಎಂದಳು. "ಗೋಲ್‌ಕೀಪರ್ ವಿಷಯ ಓದಿದ್ರೆ ಅಪ್ಪ ಒಂದು ವಾರ ಕುಣೀತಿದ್ರು." ಬಸ್ಸಿನ ಎಂಜಿನ್ ನಿಲ್ಲಿಸಿದಳು. "ಇನ್ನೊಂದು ಪೇಪರ್ ಇದ್ರೆ ನನಗೆ ಎತ್ತಿಡ್ತೀರಾ? ನಂದು ಒದ್ದೆ ಆಗಿಹೋಯ್ತು."

ಎತ್ತಿಡುತ್ತೇನೆ ಎಂದೆ. ಫೋನ್ ಇಟ್ಟು, ಸ್ಕೇಲಿಟ್ಟು ಗೆರೆ ಎಳೆದೆ. ಆಮೇಲೆ ಕಾಯುವವರ ಪಟ್ಟಿಯಲ್ಲಿ ಮೊದಲಿದ್ದವನಿಗೆ ಕರೆ ಮಾಡಿದೆ. ಪಕ್ಕದೂರಿನ ಒಬ್ಬ ಹಲ್ಲಿನ ಡಾಕ್ಟರು. ಹತ್ತೊಂಬತ್ತು ವರ್ಷ ಕಾದವನಿಗೆ ಸಂತೋಷವಾಗಬೇಕಿತ್ತು, ಆಯಿತೋ ಏನೋ.

"ಆರನೇ ಸಾಲಾ?" ಎಂದ. "ಇನ್ನೂ ಸ್ವಲ್ಪ ನಡೂಗೆ ಯಾವುದಾದ್ರೂ ಖಾಲಿ ಆಗೋ ಹಾಗಿದ್ಯಾ? ಆಗೋ ಹಾಗಿದ್ರೆ ಕಾಯ್ತೀನಿ."