ಒಂದನೇ ನಂಬರಿನ ಶೀಶೆ

"ಏ ಬಿಎಸ್ಸಿ, ಕುರ್ಚಿ ಆಮ್ಯಾಲ ಹಾಕು ಬೇ. ಮೊದ್ಲ ನಿಮ್ಮ ಕೇರಿಯವ್ರನ್ನ ನೆಳ್ಳಾಗಿಂದ ಆಚಿ ಸರಸು. ದೊಡ್ಡ ಮಂದಿ ಕುಂದ್ರಾಕ ಜಾಗ ಇಲ್ಲ" ಎಂದ ಗೌಡ.

"ಹ್ಞೂಂರಿ" ಎಂದಳು ಮಹಾಲಕ್ಷ್ಮಿ. ಈ ಒಂದು ಶಬ್ದವನ್ನು ಇಷ್ಟು ಶುದ್ಧವಾಗಿ ಉಚ್ಚರಿಸುವುದಕ್ಕೆ ಆಕೆ ಮೂರು ವರ್ಷ ಬಸ್ಸಿನಲ್ಲಿ ನಿಂತು ಸಿಂಧನೂರಿಗೆ ಹೋಗಿ ಪದವಿ ತಂದಿದ್ದಳು. ಗೌಡನಿಗೆ ಕೊಡಬೇಕಾದ ಉತ್ತರಗಳೆಲ್ಲ ಡೈರಿಯಲ್ಲಿದ್ದವು, ತಾರೀಖು ಸಮೇತ. ಡೈರಿ ಟ್ರಂಕಿನಲ್ಲಿತ್ತು. ಟ್ರಂಕಿಗೆ ಬೀಗವಿತ್ತು. ಅಂಥ ಹುಲಿ ಆಕೆ.

ಕೇರಿಯ ಹೆಂಗಸರು ಬೇವಿನ ನೆರಳು ಬಿಟ್ಟು ಗೌಡನ ಅಂಗಳದ ಬಿಸಿಲಿಗೆ ಸರಿದರು. ಅವರೊಳಗೆ ಅಜ್ಜಿ ಅಮರಮ್ಮನೂ ಇದ್ದಳು. ಸರಿಸಿದವಳು ಮೊಮ್ಮಗಳೇ, ಕೊರಳಲ್ಲಿ ಹೊಸ ಗುರುತಿನ ಚೀಟಿ ತೂಗಿಸಿಕೊಂಡು.

ಬೆಂಗಳೂರಿನ ಡಾಕ್ಟರ್ ಮೇಡಂ ರಕ್ತ ತೆಗೆಸುತ್ತಿದ್ದರು. ಕೊರೊನಾದಲ್ಲಿ ಗಟ್ಟಿಮುಟ್ಟಾದ ಮಗ ಸತ್ತು, ಅದೇ ಮನೆಯ ಮುದುಕಿ ಉಳಿದದ್ದು ಹೇಗೆ? ಉತ್ತರ ರಕ್ತದೊಳಗಿನ ವಂಶವಾಹಿಯಲ್ಲಿ ಸಿಕ್ಕರೆ, ಮುಂದಿನ ಸಲ ಯಾರಿಗೆ ಯಾವ ಔಷಧಿ ಎಂದು ಮೊದಲೇ ತಿಳಿಯಬಹುದು. ಸೂಜಿ ಚುಚ್ಚುವುದು ಸಿಸ್ಟರ್ ಹಸೀನಾಬೀ ಕೆಲಸ. ಮಹಾಲಕ್ಷ್ಮಿಯದು ವಂಶದ ನಕ್ಷೆ: ಗಂಡಸಿಗೆ ಚೌಕ, ಹೆಂಗಸಿಗೆ ಸೊನ್ನೆ, ಸತ್ತವರ ಮೇಲೊಂದು ಅಡ್ಡಗೆರೆ. ಹೆಂಗಸೆಂದರೆ ಸೊನ್ನೆ ಎಂದು ತಿಳಿಯಲು ಇಷ್ಟೆಲ್ಲ ಓದಬೇಕಿರಲಿಲ್ಲ.

ಒಂದನೇ ನಂಬರಿನ ಶೀಶೆ ಗೌಡನದು. ತನಗೇ ಆ ನಂಬರು ಬೇಕೆಂದು ಹಟ ಹಿಡಿದು, ಪೇಪರಿನವರ ಮುಂದೆ ತೋಳು ಚಾಚಿ, "ನನ್ನ ಮಗ ಸಿದ್ದರಾಮ ಹೋದ. ಈ ಸಂಕಟ ಯಾರಿಗೂ ಬ್ಯಾಡ" ಎಂದಿದ್ದ. ಅದೇ ವಾರ ಮಹಾಲಕ್ಷ್ಮಿಯ ಅಪ್ಪ ಗ್ಯಾನಪ್ಪನೂ ಹೋಗಿದ್ದ. ಆ ಸಂಕಟಕ್ಕೆ ಫೋಟೊ ಇರಲಿಲ್ಲ.

ಹಸೀನಾಬೀ ಅಮರಮ್ಮನ ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದಳು. ನಂಬರ್ ನಲವತ್ತೊಂದು. ಗಂಡ ನರಸಣ್ಣ, ಅಂದರೆ ತನ್ನ ಮುತ್ಯಾ, ಮಗ ಗ್ಯಾನಪ್ಪ ಎಂದು ಮಹಾಲಕ್ಷ್ಮಿ ಕೇಳದೆಯೇ ಬರೆದಳು. ಸ್ವಂತ ಮನೆಯ ನಕ್ಷೆ, ಅದರಲ್ಲಿ ಕೇಳುವುದೇನು?

"ಮೇಡಮ್ಮಾರ, ಸುಳ್ಳು ಬರಸಿದ್ರ ನಿಮ್ಮ ಔಷಧಿ ಕೆಡತೈತೇನ್ರಿ?" ಅಮರಮ್ಮ ಕೇಳಿದಳು.

"ಕೆಡುತ್ತಮ್ಮ. ಯಾರು ಯಾರ ಮಗ ಅನ್ನೋದೇ ತಪ್ಪಿದರೆ ಎಲ್ಲಾ ತಪ್ಪು."

"ಹಂಗಾರ ಗ್ಯಾನನ ಅಪ್ಪನ ಹೆಸರು ಅಳಸು, ಮಾಲಕ್ಷ್ಮಿ. ನರಸಣ್ಣ ಆಗ ಎರಡು ವರ್ಷ ಪೂನಾಕ್ಕ ದುಡಿಯಾಕ ಹೋಗಿದ್ದ. ನಾ ಗೌಡನ ದನದ ಹೊಟ್ಟಿನ ಕೋಣ್ಯಾಗ ಕಸ ಹೊಡೀತಿದ್ದೆ. ಒಳಗ ಬಂದು ಬಾಗಿಲಾ ಹಾಕ್ಕೊಂಡಾಂವ ಈ ಗೌಡ. ಗ್ಯಾನ ಅದರ ಮ್ಯಾಲ ಹುಟ್ಯಾನ."

ಬಿಸಿಲಲ್ಲಿದ್ದ ಹೆಂಗಸರೆಲ್ಲ ಗೌಡನ ಕಡೆ ತಿರುಗಿದರು.

"ಹಲ್ಕಟ್ ರಂಡಿ, ನಾಲ್ಗಿ ಕಿತ್ತಿಡ್ತೀನಿ," ಗೌಡ ಎದ್ದು ನಿಂತ. "ಏ ಬಿಎಸ್ಸಿ, ಮುದುಕಿಗೆ ತಲಿ ಕೆಟ್ಟೈತಿ ಅಂತ ಬರಿ. ಈ ನೌಕರಿ ಯಾರ ಮಾತಿನ ಮ್ಯಾಲ ಬಂತು, ನೆಪ್ಪೈತಿಲ್ಲೊ?"

ಅಮರಮ್ಮ ದನಿ ಏರಿಸಲಿಲ್ಲ. "ಆ ವಾರ ನಿನ್ನ ಮಕ್ಳು ಸತ್ತಿದ್ದು ಇಬ್ರು. ಫೋಟೊದವ್ರ ಮುಂದ ಒಬ್ಬಂದಷ್ಟ ಹೇಳಿದಿ."

ನಾಲ್ಕು ವರ್ಷದ ಡೈರಿಯಲ್ಲಿ ಎಲ್ಲೂ ಇಂಥ ಒಂದು ಸಾಲಿರಲಿಲ್ಲ. ಗೌಡನ ಗಿಣಿಮೂಗನ್ನು ಮಾತ್ರ ಮಹಾಲಕ್ಷ್ಮಿ ಅಲ್ಲಿ ಪುಟಗಟ್ಟಲೆ ಆಡಿಕೊಂಡಿದ್ದಳು. ಈಗ ಕೈ ತಾನಾಗಿಯೇ ತನ್ನ ಮೂಗಿನ ಮೇಲೆ ಹೋಯಿತು.

"ಬರಿ ಬೇ, ಹಾಳಿ ಏನು ಕಚ್ಚೂದಿಲ್ಲ" ಎಂದಳು ಅಜ್ಜಿ.

ಮಹಾಲಕ್ಷ್ಮಿ ಪೆನ್ಸಿಲ್ ಕೆಳಗಿಟ್ಟು ಹಸೀನಾಬೀಯ ಪೆನ್ನು ತೆಗೆದುಕೊಂಡಳು. ನಲವತ್ತೊಂದರಿಂದ ಒಂದನೇ ನಂಬರಿನ ಚೌಕಕ್ಕೆ ಗೆರೆ ಎಳೆದಳು. ಗೆರೆ ಸೊಟ್ಟಗಾಯಿತು. ಜನ್ಮದಲ್ಲಿ ಒಮ್ಮೆ ಧೈರ್ಯ ಮಾಡಿದರೂ ನೆಟ್ಟಗೆ ಮಾಡಲು ಬರಲಿಲ್ಲ. ಅದರ ಕೆಳಗೆ ಸಿದ್ದರಾಮನ ಪಕ್ಕದಲ್ಲೇ ಗ್ಯಾನಪ್ಪ, ಇಬ್ಬರ ಮೇಲೂ ಅಡ್ಡಗೆರೆ. ಗ್ಯಾನಪ್ಪನ ಕೆಳಗೊಂದು ಸೊನ್ನೆ: ತಾನು.

"ಡಾಕ್ಟರ್ರ, ನನ್ನ ಶೀಶೆ ವಾಪಸ್ ಕೊಡ್ರಿ" ಎಂದ ಗೌಡ. ಹಸೀನಾಬೀ ಐಸ್ ಡಬ್ಬಿಯ ಮುಚ್ಚಳ ಹಾಕಿ ಅದರ ಮೇಲೆ ಕೈಯಿಟ್ಟಳು.

"ಹಿಂತೆಗೆದುಕೊಳ್ಳಬಹುದು. ಒಂದು ಅರ್ಜಿ ಕೊಡಿ, ನಮ್ಮ ಹುಡುಗಿ ಬರೆದುಕೊಳ್ತಾಳೆ" ಎಂದರು ಮೇಡಂ.

ಅರ್ಜಿಯಲ್ಲಿ ಹೆಸರಿನ ಕೆಳಗೆ 'ಕಾರಣ' ಎಂದು ಒಂದು ಖಾಲಿ ಸಾಲಿತ್ತು. ಮಹಾಲಕ್ಷ್ಮಿ ಬೇವಿನ ನೆರಳಿನಲ್ಲಿದ್ದ ಕುರ್ಚಿ ಎಳೆದುಕೊಂಡು ಕೂತಳು. ಪೆನ್ನು ಆ ಸಾಲಿನ ಮೇಲಿಟ್ಟು ತಲೆಯೆತ್ತಿದಳು.

"ಕಾರಣ ಏನಂತ ಬರೀಲಿ, ಮುತ್ಯಾ?"