ಸಿಕ್ಕಿದ್ದನ್ನು ತಂದುಕೊಟ್ಟವನು

ನಮ್ಮ ಓಣಿಯ ಪೊಲೀಸ್ ಚೌಕಿಯ ಶಿಮೋದಾ ನನ್ನ ಅಂಗಡಿಗೆ ಉದೋನ್ ಶಾವಿಗೆ ತಿನ್ನಲು ಬಂದಾಗಲೆಲ್ಲ, ಬಟ್ಟಲಿಗೆ ಕರಿದ ತೋಫು ಒಂದು ತುಂಡು ಹೆಚ್ಚಿಗೇ ಹಾಕುತ್ತಿದ್ದೆ. ಅವನ ಬಾಯಿಗಿಷ್ಟು ಮಣ್ಣು ಬೀಳಲಿ!

ನನ್ನ ಮಗ ಕಜುಮಾ ಹಿಂದೊಮ್ಮೆ ಕೆಟ್ಟ ಸಹವಾಸಕ್ಕೆ ಬಿದ್ದು, ಸ್ಕೂಟರಿನಲ್ಲಿ ಬಂದು ಹೆಂಗಸರ ಕೈಚೀಲ ಕಿತ್ತುಕೊಂಡು ಓಡುವ ಗುಂಪಿಗೆ ಸೇರಿದ್ದ. ಶಿಕ್ಷೆ ಮುಗಿಸಿ ಬಂದ ಮೇಲೆ ಪಾರ್ಸೆಲ್ ಹಂಚುವ ಕೆಲಸ ಸಿಕ್ಕಿತು. ಆ ಕೆಲಸ ಉಳಿದರೆ ಮಗ ಉಳಿದ ಹಾಗೆ ಎಂದು ನನಗೆ ಗೊತ್ತಿತ್ತು. ಅದಕ್ಕೇ ಕಟ್ಟುನಿಟ್ಟಾಗಿ ಹೇಳಿದ್ದೆ. "ದಾರೀಲಿ ಏನೇ ಬಿದ್ದಿರಲಿ, ಚೌಕಿಗೆ ಒಯ್ದು ಕೊಡು. ಊರೋರೆಲ್ಲ ಕೊಡ್ತಾರೆ. ನೀನು ಒಂದು ಕೈ ಹೆಚ್ಚಾಗೇ ಕೊಡು."

ದಿನವಿಡೀ ಬೀದಿ ಸುತ್ತುವವನಿಗೆ ಸಿಗದೆ ಇರುತ್ತದೆಯೇ? ಕೊಡೆ, ಕೈಗವಸು, ಪರ್ಸು, ಮತ್ತೆ ಪರ್ಸು. ಕಜುಮಾ ಒಂದನ್ನೂ ಇಟ್ಟುಕೊಳ್ಳದೆ ಒಯ್ದು ಕೊಟ್ಟ. ಶಿಮೋದಾ ಊಟಕ್ಕೆ ಬಂದಾಗ ಹೊಗಳಿದ್ದೇ ಹೊಗಳಿದ್ದು.

"ಅಮ್ಮಾ, ನಿಮ್ ಮಗ ಅಪ್ಪಟ ಚಿನ್ನ ಕಣ್ರೀ!"

"ಚಿನ್ನ ಆಗಿದ್ರೆ ಯಾವತ್ತೋ ಮಾರ್ಬಿಡ್ತಿದ್ದೆ. ಸುಮ್ನೆ ತಿನ್ನಿ, ಆರಿ ಹೋಗುತ್ತೆ" ಎಂದು ನಾನೂ ನಗುತ್ತಿದ್ದೆ.

ಆಮೇಲೆ ದೊಡ್ಡ ಠಾಣೆಗೆ ಹೊಸ ಕಂಪ್ಯೂಟರ್ ಬಂತು. ಹಳೆಯ ದೂರುಗಳನ್ನೆಲ್ಲ ಜಾಲಾಡಿ, ಮುಂದಿನ ಕಳ್ಳತನ ಯಾವ ಬೀದಿಯಲ್ಲಿ ಆಗಬಹುದು, ಯಾರ ಮೇಲೆ ಕಣ್ಣಿಡಬೇಕು ಎಂದು ಅದೇ ಹೇಳುತ್ತದಂತೆ. ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಗ್ರಹಚಾರ. ಗಿರಾಕಿಗಳ ಬಾಗಿಲಲ್ಲೇ ಪೊಲೀಸರು ಕಜುಮಾನನ್ನು ನಿಲ್ಲಿಸಿ ಚೀಲ ಬಿಚ್ಚಿಸತೊಡಗಿದರು. ಒಂದು ದಿನ ನಿಲ್ಲಿಸಿದರು, ಮರುದಿನವೂ ನಿಲ್ಲಿಸಿದರು. ಗಿರಾಕಿಗಳು ದೂರು ಕೊಟ್ಟರು. ಕಂಪನಿಯವರು ಇನ್ನು ಬರಬೇಡ ಎಂದುಬಿಟ್ಟರು.

ನಾನು ಏಪ್ರನ್ ಕೂಡ ಬಿಚ್ಚದೆ ಚೌಕಿಗೆ ನುಗ್ಗಿದೆ.

"ಅಮ್ಮಾ, ಮೊದ್ಲು ಕೂತ್ಕೊಳ್ಳಿ" ಎಂದ ಶಿಮೋದಾ. "ಪರ್ಸು ಹೋದ ದೂರು ಎಲ್ಲೆಲ್ಲಿದ್ಯೋ ಅಲ್ಲೆಲ್ಲ ನಿಮ್ ಮಗನ ಹೆಸರಿದೆ. ಹಳೇ ಕೇಸೂ ಇದೆ. ಯಂತ್ರ ಎರಡನ್ನೂ ತಾಳೆ ಹಾಕ್ತು."

"ತಂದು ಕೊಟ್ಟೋನು ಕಣಯ್ಯಾ ಅವನು! ಕೊಟ್ಟೋನ್ಗೂ ಕದ್ದೋನ್ಗೂ ವ್ಯತ್ಯಾಸ ಗೊತ್ತಾಗಲ್ವಾ ಅದಕ್ಕೆ?"

"ಅದಕ್ಕೆ ಗೊತ್ತಾಗಲ್ಲ."

"ನಿನಗೆ ಗೊತ್ತಿತ್ತಲ್ಲ!"

ಅವನು ಟೋಪಿ ಸರಿಮಾಡಿಕೊಂಡ. "ಮೇಲಿನೋರು ಕೇಳಿದ್ರು, ಪಟ್ಟೀಲಿ ಈ ಹೆಸರು ಇರ್ಬೇಕಾ, ತೆಗೀಬೇಕಾ ಅಂತ. ಇರಲಿ ಅಂದೆ. ತೆಗೆಸಿ, ನಾಳೆ ಏನಾದ್ರೂ ಆದ್ರೆ ನನ್ನ ತಲೆ ಮೇಲೆ ಬರುತ್ತಲ್ಲ ಅಮ್ಮಾ."

ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಅದೇನು ನನ್ನ ಉಪ್ಪು ತಿಂದಿತ್ತೇ? ಇವನು ತಿಂದಿದ್ದ. ನನ್ನೆದುರೇ ಕೂತು, ನನ್ನ ಮಗನನ್ನು ಹೊಗಳುತ್ತಾ ತಿಂದಿದ್ದ. "ಇನ್ನೊಂದ್ಸಲ ಅಮ್ಮಾ ಅಂದ್ರೆ ನಾಲಿಗೆ ಕಿತ್ತು ಕೈಗೆ ಕೊಡ್ತೀನಿ" ಎಂದು ಕೂಗಾಡಿ ಎದ್ದುಬಂದೆ.

ಮನೆಗೆ ಬಂದು ಕಜುಮಾನಿಗೆ ಎಲ್ಲ ಹೇಳಿದೆ. ಶಿಮೋದಾನಿಗೆ ಹಿಡಿಶಾಪ ಹಾಕಿದೆ.

"ಅವನ ಮಾತು ಬಿಡಮ್ಮ" ಎಂದ ಮಗ. "ಆ ಪರ್ಸೆಲ್ಲ ನಂಗೆ ಬೀದೀಲಿ ಬಿದ್ದಿದ್ದೇ ಸಿಕ್ಕಿದ್ದು ಅಂತ ನಿಂಗೆ ನಂಬಿಕೆ ಇದೆ ತಾನೆ?"

"ಇದೆ ಕಣೋ" ಎಂದೆ. ಆದರೆ ಹಾಗೆನ್ನುವ ಮೊದಲು ಒಂದು ಕ್ಷಣ ತಡೆದಿದ್ದೆ. ಅಷ್ಟೊಂದು ಪರ್ಸು ಒಬ್ಬನಿಗೇ ಹೇಗೆ ಸಿಕ್ಕವು ಎಂದು ಹಾಳು ಮನಸ್ಸು ಕೇಳಿಬಿಟ್ಟಿತ್ತು.

ಅವನು ನನ್ನ ಮುಖವನ್ನೇ ನೋಡುತ್ತಿದ್ದ. "ಸರಿ ಅಮ್ಮ" ಎಂದು ಎದ್ದು, ಹೊಸ್ತಿಲ ಬಳಿ ಕೂತು ಬೂಟು ಹಾಕಿಕೊಂಡ. ಎಲ್ಲಿಗೋ, ಊಟ ಮಾಡ್ಕೊಂಡು ಹೋಗೋ ಎಂದೆ. ಅವನು ತಿರುಗಿ ನೋಡಲಿಲ್ಲ.