ಮೇಣ ಸವರಿದ ದಾರ

ಎಮ್ಮಟ್ ನಲವತ್ತನೆಯ ಮೇಲಂಗಿಯ ಎದೆಯಿಂದ ಬಟ್ಟೆಯ ಹಂಸವನ್ನು ಕಿತ್ತು ಬುಟ್ಟಿಗೆ ಎಸೆದಳು. ಮೊನ್ನೆಯವರೆಗೆ ಹಾರ್ತ್‌ವೇಟ್ ಪ್ರಭು ರಾಣಿಯ ಕಡೆಯವನು. ಅವನ ಆಳುಗಳೆಲ್ಲರ ಎದೆಯ ಮೇಲೂ ರಾಣಿಯ ಬಿಳಿ ಹಂಸ. ನಿನ್ನೆ ಬೆಳಿಗ್ಗೆ ಇಗರ್ಜಿಯಿಂದ ಹೊರಬಂದವನೇ ಸಿಂಹಾಸನ ರಾಣಿಯ ವೈರಿಗಳಾದ ಯಾರ್ಕ್ ಮನೆತನಕ್ಕೇ ಸಲ್ಲಬೇಕು ಎಂದುಬಿಟ್ಟ. ಹಂಸ ಹೋಗಿ ಯಾರ್ಕ್‌ನವರ ಬಿಳಿ ಗುಲಾಬಿ ಬರಬೇಕಾಯಿತು. ದೊಡ್ಡವರು ಮಗ್ಗುಲು ಬದಲಿಸಿದಾಗಲೆಲ್ಲ ಬೆರಳು ಚುಚ್ಚಿಸಿಕೊಳ್ಳುವವಳು ಇವಳು. ನಿನ್ನೆಯೇ ಮೂವತ್ತು ಅಂಗಿ ಮುಗಿಸಿಕೊಟ್ಟಿದ್ದಳು.

ಕೀಳುವುದೇನೂ ಕಷ್ಟವಿರಲಿಲ್ಲ. ನಾಲ್ಕು ದಂಡಯಾತ್ರೆ ಕಂಡ ಆಳುಗಳು ಗುರುತನ್ನು ಗಟ್ಟಿಯಾಗಿ ಹೊಲಿಸಿಕೊಳ್ಳುವುದಿಲ್ಲ. ಹೋದ ವಾರ ಸೇತುವೆ ಕಾಯಲು ಹೊರಟಾಗ ಅವಳ ಗಂಡ ರೇಫ್ ಕೂಡ ಉಪ್ಪುಮೀನು ತಿನ್ನುತ್ತಾ ಅದನ್ನೇ ಹೇಳಿದ್ದ.

"ನಾಲ್ಕು ಮೂಲೆಗೆ ನಾಲ್ಕು ಹೊಲಿಗೆ ಹಾಕು ಸಾಕು ಮಾರಾಯ್ತಿ. ಎಳೆದ್ರೆ ಬಂದ್ಬಿಡ್ಬೇಕು."

"ಹೊಲಿಗೆಯೋಳ ಗಂಡ ಜೋಲಾಡೋ ಹಂಸ ಹಾಕ್ಕೊಂಡು ಹೋದ್ರೆ ಜನ ಯಾರ ಮುಖ ನೋಡಿ ನಗ್ತಾರೆ?"

"ನಗ್ಲಿ ಬಿಡು. ನಕ್ಕವರು ಬಂದು ನನ್ನ ಕಾಪಾಡ್ತಾರಾ?"

ಅವಳಿಗೆ ರೇಗಿತ್ತು. ತನ್ನ ಕೈಕೆಲಸವನ್ನೇ ಗಂಡ ಹಗುರ ಮಾಡಿದ ಎಂದು ದಾರವನ್ನು ಎರಡೆಳೆ ಮಾಡಿ, ಮೇಣ ಸವರಿ, ಹಂಸದ ಸುತ್ತಲೂ ಒತ್ತೊತ್ತಾಗಿ ಹೊಲಿದಿದ್ದಳು. ಅವನು ಅದನ್ನೇ ತೊಟ್ಟುಕೊಂಡು ಹೋಗಿದ್ದ.

ಬಾಗಿಲಲ್ಲಿ ನೆರಳು ಬಿತ್ತು. ರೇಫ್ ಜೊತೆ ಸೇತುವೆಗೆ ಹೋಗಿದ್ದ ಬಿಲ್ಲುಗಾರ ಹ್ಯಾಮೊ, ಹೆಗಲ ಮೇಲೆ ಗಂಟು. ಅವನ ಅಂಗಿಯ ಎದೆ ಬೋಳಾಗಿತ್ತು. ನಾಲ್ಕು ತುಂಡು ದಾರ ಮಾತ್ರ ನೇತಾಡುತ್ತಿತ್ತು.

"ಅಂತೂ ಬಂದ್ರಲ್ಲಪ್ಪ. ನಿಮ್ಮಣ್ಣ ಎಲ್ಲಿ? ಅಡುಗೆಮನೆಗೆ ನುಗ್ಗಿದ್ನಾ?"

ಹ್ಯಾಮೊ ಗಂಟನ್ನು ಮೇಜಿನ ಮೇಲಿಟ್ಟು ನಿಂತೇ ಇದ್ದ. "ಅತ್ತಿಗೆ, ನಮಗೆ ಸುದ್ದೀನೇ ಬಂದಿರಲಿಲ್ಲ. ಧಣಿ ಆ ಕಡೆ ಹೋದ್ರು ಅಂತ ಯಾರೂ ಹೇಳ್ಲಿಲ್ಲ. ಇವತ್ತು ಬೆಳಿಗ್ಗೆ ನಮ್ಮೋರೇ ಮೂವತ್ತು ಜನ ಗುಲಾಬಿ ಹಾಕ್ಕೊಂಡು ಬಂದ್ರು. ಅವರ ಹಿಂದೆ ಯಾರ್ಕ್‌ನೋರು. ಅವರಿಗೆ ನಮ್ಮ ಮುಖ ಎಲ್ಲಿ ಗೊತ್ತು? 'ಹಂಸ ಕೀಳ್ರೋ, ಕೀಳದೇ ಇದ್ದೋರು ರಾಣಿ ಕಡೆಯೋರು' ಅಂತ ನಮ್ಮೋರು ಕೂಗಿದ್ರು. ಎಲ್ರೂ ಕಿತ್ತು ಹೊಳೆಗೆ ಎಸೆದ್ವಿ."

"ಅವನು?"

"ಅವನೂ ಕೀಳ್ತಾನೇ ಇದ್ದ ಅತ್ತಿಗೆ."

ಎಮ್ಮಟ್‌ಗೆ ಮೊದಲು ಅದು ಅರ್ಥವಾಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಕತ್ತರಿ ಎಲ್ಲಿ ಬಿತ್ತೋ ತಿಳಿಯಲಿಲ್ಲ.

"ಅಂಗೀನೇ ಬಿಚ್ಬೋದಿತ್ತಲ್ಲ..."

"ಮೇಲೆ ನಡುಪಟ್ಟಿ, ಬತ್ತಳಿಕೆ. ಎರಡು ಕೈಯಲ್ಲೂ ಎಳೀತಿದ್ದ. ನಾನೂ ಹೋಗಿ ಎಳೆದೆ. ಆಗ್ಲೇ ಯಾರ್ಕ್‌ನೋರ ಬಾಣ ಬಂತು." ಹ್ಯಾಮೊ ತನ್ನ ಬೆರಳುಗಳನ್ನು ನೋಡಿಕೊಂಡ. ಎರಡು ಉಗುರು ಸೀಳಿದ್ದವು. "ನಮ್ಮ ಅಂಗಿಗಳಿಗೂ ಗುಲಾಬಿ ಹಾಕ್ಬೇಕಂತೆ. ಅದಕ್ಕೇ ಉಳಿದೋರದ್ದೆಲ್ಲಾ ಒಟ್ಟಿಗೆ ಕಟ್ಟಿ ಕಳಿಸಿದ್ರು. ಅವನದನ್ನ ತೆಗೆದಿಡೋಣ ಅಂದ್ರೆ, ಮೇಲಿನೋರು ಕೇಳ್ಲಿಲ್ಲ."

ಅವನು ಹೋದ ಮೇಲೆ ಅವಳು ಗಂಟು ಬಿಚ್ಚಿದಳು. ಹತ್ತೊಂಬತ್ತು ಅಂಗಿಗಳ ಎದೆ ಬೋಳು. ಇಪ್ಪತ್ತನೆಯದರಲ್ಲಿ ಹಂಸವಿತ್ತು. ಅದರ ಕತ್ತಿನ ಹತ್ತಿರ ಬಟ್ಟೆ ಉಗುರಿಗೆ ಸಿಕ್ಕಿ ಜಾಲರಿಯಾಗಿತ್ತು, ರೆಕ್ಕೆ ಕೆಂಪಾಗಿ ಒಣಗಿತ್ತು. ಹೊಲಿಗೆ ಮಾತ್ರ ಒಂದೆಳೆಯೂ ಸಡಿಲವಾಗಿರಲಿಲ್ಲ.

ಎಮ್ಮಟ್ ಕತ್ತರಿಯನ್ನು ಹುಡುಕಲಿಲ್ಲ. ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು, ರೆಕ್ಕೆಯ ಅಂಚಿಗೆ ಉಗುರು ಸಿಕ್ಕಿಸಿ ಎಳೆದಳು. ಬರಲಿಲ್ಲ. ಎರಡೂ ಕೈ ಹಾಕಿ ಎಳೆದಳು.